ಎರಡು ತಂತಿ, ನಾಲ್ಕು ತಂತಿ ಮತ್ತು ನಮ್ಮ ಸಾರ್

ನಮ್ಮ ಸಾರ್‌ಗೆ ತಲೆ ಕೆಟ್ಟಿದೆ ಎಂದು ನಾನು ಆರೋಪ ಮಾಡುತ್ತಿಲ್ಲ. ಆರೋಪ ಯಾರು ಬೇಕಾದರೂ ಮಾಡಬಹುದು. ನಾನು ರುಜುವಾತು ಮಾಡುತ್ತೇನೆ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸ್ಟೀಲ್ ಲೋಟ, ಗೋಡೆ ಗಡಿಯಾರ, ಒಮ್ಮೆ ಒಂದು ಇಡ್ಲಿ ಪಾತ್ರೆಯನ್ನೂ ಗೆದ್ದವಳು ನಾನು. ಸಾಕ್ಷಿಯಿಲ್ಲದೆ ಬಾಯಿ ತೆರೆಯುವ ಅಭ್ಯಾಸ ನನಗಿಲ್ಲ. ಸಾರ್ ಪರವಾಗಿರುವ ಓದುಗರು ದಯವಿಟ್ಟು ನನ್ನ ವಾದ ಮುಗಿಯುವ ತನಕ ಕೈ ಎತ್ತಬಾರದು.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಪೀಣ್ಯದಲ್ಲಿ ಎಡಕ್ಕೆ ತಗಡು ಬಡಿಯುವ ಪವರ್ ಪ್ರೆಸ್ಸು, ಬಲಕ್ಕೆ ಬಣ್ಣ ಹಾಕುವ ಶೆಡ್ಡು, ನಡುವೆ ನಮ್ಮ ಕಂಪನಿ. ಆಸ್ಪತ್ರೆಗಳಲ್ಲಿ ಮಕ್ಕಳ ಲಸಿಕೆ ಇಡುವ ತಂಪುಪೆಟ್ಟಿಗೆಗಳಿಗೆ ಉಷ್ಣಾಂಶ ತೋರಿಸುವ ಸಲಕರಣೆ ಮಾಡುವುದು ನಮ್ಮ ಕಸುಬು. ಅಲ್ಲಿಗೆ ನಾನು ಇಂಟರ್ವ್ಯೂಗೆ ಹೋದಾಗ ಅಲ್ಲಿನ ಇಂಜಿನಿಯರ್ ಆದ ನಮ್ಮ ಸಾರ್ ಕೇಳಿದ ಮೊದಲ ಪ್ರಶ್ನೆ ಇದು:

"ತಿಂಡಿ ಆಯ್ತಾ ಅಂತ ನನ್ನ ಕೇಳಮ್ಮ."

"ತಿಂಡಿ ಆಯ್ತಾ ಸಾರ್?"

"ಗುಡ್. ಈಗ ಬಾಯಿ ಬಿಡದೆ ಕೇಳು."

ಕೈಯಲ್ಲಿ ತುತ್ತು ಮಾಡಿ ಬಾಯಿಗೆ ತೋರಿಸಿ ಹುಬ್ಬೇರಿಸಿದೆ.

"ಗುಡ್. ಈಗ ಕೈಯೂ ಬೇಡ."

"ಸಾರ್," ಎಂದೆ, "ನಿಮಗೆ ತಿಂಡಿ ಆಗಿಲ್ಲ ಅಂತ ಆಗ್ಲೇ ಗೊತ್ತಾಯ್ತು. ಕ್ಯಾಂಟೀನ್ ಯಾವ ಕಡೆ?"

ಕೆಲಸ ಸಿಕ್ಕಿತು. ಇದು ಒಂದನೇ ಸಾಕ್ಷಿ.

ಮುಂದಿನ ಸಾಕ್ಷಿಗಳಿಗೆ ಹೋಗುವ ಮೊದಲು ಅವರ ಹುಚ್ಚಿನ ಮೂಲವನ್ನು ಸ್ವಲ್ಪ ಹೇಳಬೇಕು. ಸಲಕರಣೆಯೊಳಗೆ ಮಿದುಳಿನಂತೆ ಕೆಲಸ ಮಾಡುವ ಒಂದು ಎಲೆಕ್ಟ್ರಾನಿಕ್ ಚಿಪ್ಪು ಇರುತ್ತದೆ, ಚಳಿ ಅಳೆಯುವ ಸೆನ್ಸರ್ ಚಿಪ್ಪುಗಳಿರುತ್ತವೆ. ಮಿದುಳು ಸೆನ್ಸರನ್ನು "ಎಷ್ಟು ಡಿಗ್ರಿ?" ಎಂದು ಕೇಳಬೇಕಲ್ಲ, ಹಾಗೆ ಕೇಳಿಸುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಪ್ರಶ್ನೆ ಓಡಾಡುವ ತಂತಿಗಳಿಗೆ ಬಸ್ ಎಂದು ಹೆಸರು. (ನಾನು ಪೀಣ್ಯದಲ್ಲಿ ಬಸ್ಸಿನ ಡ್ರೈವರ್ ಕೆಲಸ ನೋಡಿಕೊಳ್ಳುತ್ತೇನೆಂದು ನಮ್ಮತ್ತೆ ನೆಂಟರಿಗೆಲ್ಲ ಹೇಳಿದ್ದಾರೆ. ಆ ವಿಷಯ ಬಿಡಿ.) ಬಸ್ಸಿನಲ್ಲಿ ಎರಡು ಜಾತಿ. ಎರಡು ತಂತಿಯದ್ದು ಶಾಲೆಯ ಹಾಜರಿಯಂತೆ: ಎಲ್ಲ ಚಿಪ್ಪುಗಳೂ ಅದೇ ತಂತಿಗೆ ನೇತುಬಿದ್ದಿರುತ್ತವೆ, ಹೆಸರು ಕೂಗಿದರೆ ಆ ಹೆಸರಿನದು "ಎಸ್ ಸಾರ್" ಎನ್ನುತ್ತದೆ. ನಾಲ್ಕು ತಂತಿಯದರಲ್ಲಿ ಹೆಸರಿಲ್ಲ. ಪ್ರತಿ ಚಿಪ್ಪಿಗೂ ಬೆನ್ನು ತಟ್ಟುವ ಬೇರೆ ತಂತಿಯೇ ಇರುತ್ತದೆ. ಎರಡೂ ಬಗೆಗೆ ಚಿಪ್ಪು ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕಂಪನಿ ಹುಟ್ಟಿದಾಗಿನಿಂದ ಬಳಸಿದ್ದು ಎರಡು ತಂತಿಯದನ್ನು ಮಾತ್ರ.

ಸಾಮಾನ್ಯ ಮನುಷ್ಯ ಏನು ಮಾಡುತ್ತಾನೆ? ಎರಡು ತಂತಿಗೆ ಒಂದು ಡ್ರೈವರ್ ಬರೆದು ಮನೆಗೆ ಹೋಗುತ್ತಾನೆ. ನಮ್ಮ ಸಾರ್? "ಏನು ಹೇಳ್ಬೇಕು ಅನ್ನೋದು ಬೇರೆ, ಹೇಗೆ ಕಳಿಸ್ಬೇಕು ಅನ್ನೋದು ಬೇರೆ ಕಣಮ್ಮ. ಹೇಳೋನಿಗೆ ದಾರಿ ಗೊತ್ತಿರಬಾರ್ದು, ಕಳಿಸೋನಿಗೆ ವಿಷಯ ಗೊತ್ತಿರಬಾರ್ದು!" ಹೀಗೆಂದು ಡ್ರೈವರನ್ನು ಮೇಲೆ ಕೂರಿಸಿ, ಕೆಳಗೆ ಎರಡು ದಾರಿಗೂ ಪ್ರೋಗ್ರಾಮಿನ ಒಂದೊಂದು ಸಾಗಣೆ ತುಂಡು ಬರೆದು, ಯಾರೂ ಕೇಳದ ನಾಲ್ಕು ತಂತಿಯ ಬೋರ್ಡೊಂದನ್ನು ತಾವೇ ಬೆಸುಗೆ ಹಾಕಿ ಮೇಜಿನ ಮೇಲೆ ಸಾಕಿಕೊಂಡಿದ್ದರು. ವರ್ಷಗಟ್ಟಲೆ ತಿದ್ದಿದ ಕೆಲಸ!

ಅದು ಮೇಜಿನ ಮೇಲೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ಸಿದ್ಧಾಂತ ಬದುಕಿಗೂ ಹಬ್ಬಿತ್ತು. ಒಂದು ದಿನ ಕಾಫಿ ಬೇಕಾಯಿತು. ಕ್ಯಾಂಟೀನ್ ಎದುರಿಗೇ ಇದೆ, ಕೂಗಿದರೆ ಕೇಳುತ್ತದೆ. ಸಾರ್ ಕೂಗಲಿಲ್ಲ. ಗೇಟಿನ ಸೆಕ್ಯೂರಿಟಿಯವನಿಗೆ ಹೇಳಿದರು. ಅವನು ರಾಯಚೂರು ಕಡೆಯವನು, ಮಹಾ ನಿಷ್ಠಾವಂತ. ಅವನು ಪ್ಯಾಕಿಂಗ್ ವಿಭಾಗಕ್ಕೆ ಹೋಗಿ, "ಅಕ್ಕಾರ, ಸಾಹೇಬ್ರು ಒಂದ್ ಕಾಫಿ ಕೇಳ್ಯಾರ್ರೀ, ಸಕ್ರಿ ಕಮ್ಮಿ, ಹಂಗಽ ಮುಂದ ಹೇಳ್ಬೇಕಂತ್ರಿ," ಎಂದ. ಆಕೆ ಇನ್ನೊಬ್ಬರಿಗೆ ಹೇಳಿದಳು. ಹೀಗೆ ಇಡೀ ಕಟ್ಟಡ ಸುತ್ತಿ ಕ್ಯಾಂಟೀನ್ ತಲುಪಿ, ಕಾಫಿಯೂ ಅದೇ ದಾರಿಯಲ್ಲಿ ಕೈಯಿಂದ ಕೈಗೆ ವಾಪಸ್ ಬಂತು. ಸಾರ್ ಒಂದು ಗುಟುಕು ಕುಡಿದು, "ನೋಡು! ಸಕ್ಕರೆ ಕಡಿಮೆ! ಒಂದಕ್ಷರ ಆಚೀಚೆ ಆಗಿಲ್ಲ!" ಎಂದು ಕುಣಿದರು.

"ಸಾರ್, ಕಾಫಿ ತಣ್ಣಗಾಗಿದೆ."

"ತಣ್ಣಗಾಗಿದೆ. ತಪ್ಪಾಗಿಲ್ಲ."

"ಮಧ್ಯ ಜನ ಜಾಸ್ತಿ ಆದಷ್ಟೂ ತಡ ಜಾಸ್ತಿ ಸಾರ್. ನಿಮ್ಮ ಡ್ರೈವರ್‌ಗೂ ಅದೇ ಕಾಯಿಲೆ."

ಅವರು ತಣ್ಣನೆಯ ಕಾಫಿಯನ್ನು ಹಟಕ್ಕೆ ಬಿದ್ದು ಪೂರ್ತಿ ಕುಡಿದರು.

ಜಾಲಹಳ್ಳಿಯ ಅವರ ಮನೆಗೆ ಒಮ್ಮೆ ಊಟಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಮೂರು ಗುಂಡಿ. ಒಂದನ್ನು ಒತ್ತಿದರೆ ಸಾರ್ ಕೋಣೆಯಲ್ಲಿ ಗಂಟೆ, ಇನ್ನೊಂದಕ್ಕೆ ಕೆಂಪು ದೀಪ, ಮೂರನೆಯದಕ್ಕೆ ಅವರ ಕುರ್ಚಿಯೇ ಗಡಗಡ ಅದುರುತ್ತದೆ! ನಾನು ಬೆರಗಾಗಿ ನಿಂತಾಗ ಅವರ ಮನೆಯವರು ಸೌಟು ಹಿಡಿದುಕೊಂಡೇ ಹೇಳಿದರು: "ಊಟಕ್ಕೆ ಕರೆಯೋಕೆ ಮೂರು ದಾರಿ ಮಾಡಿಕೊಟ್ಟಿದ್ದಾರೆ ಕಣಮ್ಮ. ಮೂರಕ್ಕೂ ಬರಲ್ಲ!"

ಇಷ್ಟು ಸಾಕ್ಷಿ ಸಾಲದೇ? ಆದರೂ ಸಾರ್ ಸೋಲೊಪ್ಪುವ ಪೈಕಿಯವರಲ್ಲ. ದಿನವೂ ಪವರ್ ಪ್ರೆಸ್ಸಿನ ಸದ್ದಿಗಿಂತ ಮೇಲೆ ದನಿಯೆತ್ತಿ ನನ್ನೊಡನೆ ವಾದಿಸುತ್ತಿದ್ದರು. "ಇಲ್ಲದ ರಸ್ತೆಗೆ ಟೋಲ್‌ಗೇಟ್ ಯಾಕೆ ಸಾರ್?" ಎಂದರೆ, "ರಸ್ತೆ ಬಂದ ಮೇಲೆ ಗಾಡಿ ಹುಡುಕ್ತೀಯಾ?" ಎಂದು ಕಿರುಚುತ್ತಿದ್ದರು. ಕೊನೆಗೆ ಒಂದು ಶುಕ್ರವಾರ ನಾನು ಬ್ರಹ್ಮಾಸ್ತ್ರ ತೆಗೆದೆ. ಅವರ ಮುದ್ದಿನ ನಾಲ್ಕು ತಂತಿ ಬೋರ್ಡಿನಿಂದ ಸೆನ್ಸರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಪರದೆಯ ಮೇಲೆ ಏನು ಬಂತು ಗೊತ್ತೇ? ಸೊನ್ನೆ ಡಿಗ್ರಿ!

"ಸಾರ್, ಸೆನ್ಸರ್ ನನ್ನ ಕೈಲಿದೆ. ನಿಮ್ಮ ಡ್ರೈವರ್ ಯಾರ ಹತ್ರ ಮಾತಾಡ್ತಿದೆ?"

ವಿಷಯ ಇಷ್ಟೇ. ಎರಡು ತಂತಿಯಲ್ಲಿ ಹೆಸರು ಕೂಗಿದಾಗ ಉತ್ತರ ಬಾರದಿದ್ದರೆ ಆಸಾಮಿ ಇಲ್ಲವೆಂದು ತಿಳಿಯುತ್ತದೆ. ನಾಲ್ಕು ತಂತಿಯಲ್ಲಿ ಹಾಜರಿಯೇ ಇಲ್ಲ. ಬೆನ್ನು ತಟ್ಟಿದ ಜಾಗದಲ್ಲಿ ಬೆನ್ನೇ ಇಲ್ಲದಿದ್ದರೂ ಖಾಲಿ ತಂತಿಯ ಸೊನ್ನೆಗಳನ್ನೇ ಉತ್ತರವೆಂದು ಓದಿಕೊಳ್ಳುತ್ತದೆ. "ದಾರಿ ಗೊತ್ತಿರಬಾರ್ದು ಅಂದ್ರಲ್ಲ, ಈ ದಾರೀಲಿ ಯಾರೂ ಇಲ್ಲ ಅನ್ನೋದೂ ಅದಕ್ಕೆ ಗೊತ್ತಾಗ್ಲಿಲ್ಲ. ಒಳಗೆ ಲಸಿಕೆ ಕೆಟ್ಟು ಹೋಗ್ತಿದ್ರೂ ನಿಮ್ಮ ಪರದೆ ತಂಪಾಗಿದೆ ಅನ್ನತ್ತೆ!" ಎಂದೆ. ಸಾರ್ ಖಾಲಿ ಬೋರ್ಡನ್ನು ತಿರುಗಿಸಿ ನೋಡಿದರು. ನಾನು ಸೆನ್ಸರನ್ನು ಮೇಜಿನ ಮೇಲಿಟ್ಟು ವಿಜಯೋತ್ಸವದ ಚಹಾ ಕುಡಿಯಲು ಹೊರಟೆ. ಅದೇ ಹೊತ್ತಿಗೆ ಆ ಕಡೆ ಹಾದುಹೋದ ನಮ್ಮ ಮಾಲೀಕರು ಸೆನ್ಸರಿಲ್ಲದ ಬೋರ್ಡು ನಿಶ್ಚಿಂತೆಯಿಂದ ಸೊನ್ನೆ ತೋರಿಸುವುದನ್ನು ಕಂಡು, ಏನೂ ಹೇಳದೆ ಹೋದರಂತೆ. ಅದು ನನಗೆ ಆಮೇಲೆ ತಿಳಿಯಿತು.

ಸೋಮವಾರ ಸಾರ್ ಬಂದರು. ಮಾತಿಲ್ಲ! ಗುಡ್ ಮಾರ್ನಿಂಗ್ ಎಂದರೆ ತಲೆಯಾಡಿಸಿದರು, ಅಷ್ಟೆ. ಒಂದು ವಾದದಿಂದ ಒಬ್ಬ ಮನುಷ್ಯನ ಬಾಯಿ ಶಾಶ್ವತವಾಗಿ ಮುಚ್ಚಿಸಿದ ಹೆಮ್ಮೆಯಲ್ಲಿ ನಾನು ಅರ್ಧ ದಿನ ತೇಲಿದೆ. ಮಧ್ಯಾಹ್ನ ಅವರು ಒಂದು ಸ್ಲೇಟು ತೆಗೆದು ಬರೆದು ತೋರಿಸಿದರು: "ಗಂಟಲಲ್ಲಿ ಗಂಟು ಇತ್ತು. ಶನಿವಾರ ತೆಗೆದರು. ಎರಡು ವಾರ ಮಾತಾಡಬಾರದು. ಖುಷಿನಾ?"

ಸಂಜೆ ಅವರ ಮನೆಯವರು ಫೋನ್ ಮಾಡಿದರು. "ಪಿಸುಮಾತೂ ಕೂಡದು ಅಂದಿದ್ದಾರಮ್ಮ ಡಾಕ್ಟ್ರು. ಈಗ ಗಂಟಲಿಗೆ ಕೆಲಸ ಕೊಟ್ರೆ ದನಿ ಮೊದ್ಲಿನ ಹಾಗೆ ಬರಲ್ವಂತೆ. ನೀನು ಮಾತ್ರ ಅವರ ಹತ್ರ ವಾದ ಮಾಡ್ಬೇಡ, ಕೈ ಮುಗೀತೀನಿ!"

ಅದೇ ವಾರ ಮಾಲೀಕರು ಮೀಟಿಂಗ್ ಕರೆದರು. ಗಿರಾಕಿಗಳಿಗೆ ಈಗ ದೊಡ್ಡ ತಂಪುಪೆಟ್ಟಿಗೆ ಬೇಕಂತೆ, ಒಳಗೆ ಆರು ಕಡೆ ಸೆನ್ಸರ್. ವೈಟ್‌ಫೀಲ್ಡಿನ ಯಾವುದೋ ಕಂಪನಿ ಎಲ್ಲವನ್ನೂ ಹೊಸದಾಗಿ ಬರೆದುಕೊಡಲು ತಯಾರಿದೆಯಂತೆ. ಹಾಗಾದರೆ ಸಾರ್ ಕಟ್ಟಿದ ಡ್ರೈವರ್ ಕಸದ ಬುಟ್ಟಿಗೆ, ಸಾರ್ ಗೋಡೌನ್ ಹಿಂದಿನ ರಿಪೇರಿ ಮೇಜಿಗೆ. ಸುದ್ದಿ ತಿಳಿದ ಸಾರ್ ನನ್ನನ್ನು ಕರೆದು, ನನ್ನತ್ತ ಬೆರಳು ತೋರಿಸಿ, ಬಾಯಿಯ ಮುಂದೆ ಕೈ ಆಡಿಸಿದರು. ನೀನು ಮಾತಾಡು!

"ನಾನಾ? ಇಷ್ಟು ದಿನ ವಿರೋಧ ಪಕ್ಷದಲ್ಲಿ ಕೂತವಳು ನಾನು ಸಾರ್!"

ಸ್ಲೇಟಿನ ಮೇಲೆ ಬರೆದರು: "ಅದಕ್ಕೇ."

ನಂಬದ ವಿಷಯವನ್ನು ನಾನು ವಾದಿಸುವವಳಲ್ಲ. "ಮೊದ್ಲು ಆ ಸೊನ್ನೆಗೆ ಉತ್ತರ ಕೊಡಿ," ಎಂದೆ. ಸಾರ್ ಬೋರ್ಡನ್ನು ಮುಂದೆ ತಳ್ಳಿದರು. ಸೆನ್ಸರ್ ಕಿತ್ತೆ. ಪರದೆಯಲ್ಲಿ ಬರೀ ಗೆರೆಗಳು! ಮತ್ತೆ ಸಿಕ್ಕಿಸಿದೆ, ಡಿಗ್ರಿ ಬಂತು. ಪುಣ್ಯಾತ್ಮರು ಉಪಾಯ ಹುಡುಕಿದ್ದರು. ಪ್ರತಿ ಚಿಪ್ಪಿನೊಳಗೂ ಕಾರ್ಖಾನೆಯಲ್ಲೇ ಬರೆದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಈಗ ಡ್ರೈವರ್ ಡಿಗ್ರಿ ಕೇಳುವ ಮೊದಲು "ಯಾರಪ್ಪಾ ನೀನು?" ಎಂದು ಕೇಳುತ್ತದೆ; ಸರಿಯಾದ ಸಂಖ್ಯೆ ಬಾರದಿದ್ದರೆ ಮುಂದಿನ ಮಾತೇ ಇಲ್ಲ. ಎರಡು ತಂತಿಯೋ ನಾಲ್ಕೋ, ಪ್ರಶ್ನೆ ಒಂದೇ. ನನ್ನ ಬ್ರಹ್ಮಾಸ್ತ್ರವನ್ನು ಅವರು ಮನೆ ಬಾಗಿಲಿಗೆ ಚಿಲಕವಾಗಿ ಹಾಕಿಕೊಂಡಿದ್ದರು! ಒಪ್ಪಿದೆ. ಏನು ಮಾಡಲಿ, ಸಾಕ್ಷಿ ಕಣ್ಣೆದುರಿಗಿತ್ತು.

ಮೀಟಿಂಗಿನಲ್ಲಿ ಮಾಲೀಕರು ಶುರುಮಾಡಿದರು. "ಏನ್ರೀ ಇಂಜಿನಿಯರೇ, ಮಾತಾಡಲ್ವಂತೆ? ಸ್ಲೇಟ್ ಒಳಗಿಡಿ, ಓದೋಕೆ ನಂಗೆ ಪುರುಸೊತ್ತಿಲ್ಲ. ನಮ್ದ್ರಲ್ಲಿ ನಾಲ್ಕು ಸೆನ್ಸರ್ ಮೇಲೆ ಆಗಲ್ಲ ತಾನೇ?"

"ನಾಲ್ಕರ ಮಿತಿ ದಾರೀದು ಸಾರ್, ಡ್ರೈವರ್‌ದಲ್ಲ," ಎಂದೆ. "ಎರಡು ತಂತೀಲಿ ಈ ಚಿಪ್ಪಿಗೆ ನಾಲ್ಕೇ ಹೆಸರು ಇಡೋಕಾಗೋದು. ಐದನೇದು ಬಂದ್ರೆ ಒಂದು ಹೆಸರಿಗೆ ಇಬ್ರು ಎದ್ದು ನಿಲ್ತಾರೆ. ನಾಲ್ಕು ತಂತೀಲಿ ಆ ಗೋಳಿಲ್ಲ, ಬೆನ್ನು ತಟ್ಟಿದ್ರಾಯ್ತು."

"ಹಂಗಾದ್ರೆ ಎಲ್ಲಾ ಹೊಸದಾಗಿ ಬರೀಬೇಕು. ಅದನ್ನೇ ನಾನ್ ಹೇಳ್ತಿರೋದು."

"ಬೇಡ ಸಾರ್. ಏನು ಹೇಳ್ಬೇಕು ಅನ್ನೋದು ಬೇರೆ, ಹೇಗೆ ಕಳಿಸ್ಬೇಕು ಅನ್ನೋದು ಬೇರೆ. ಕೆಳಗಿನ ಸಾಗಣೆ ತುಂಡು ಮಾತ್ರ ಬದಲಾಗತ್ತೆ. ಅದೂ ಬರೆದಾಗಿದೆ."

ನನ್ನ ಬಾಯಿಂದ ಈ ಮಾತು! ಪಕ್ಕದಲ್ಲಿ ಸಾರ್ ಮೇಜಿನ ಅಂಚನ್ನು ಹಿಡಿದುಕೊಂಡು ಛಾವಣಿ ನೋಡುತ್ತಿದ್ದರು. ನಗು ತಡೆಯುತ್ತಿದ್ದರೋ, ಬೇರೇನನ್ನೋ.

"ಸಾಕು ಸುಮ್ನಿರಮ್ಮ," ಎಂದರು ಮಾಲೀಕರು. "ಶುಕ್ರವಾರ ನಾನೇ ಕಣ್ಣಾರೆ ನೋಡಿದೀನಿ. ಸೆನ್ಸರೇ ಇಲ್ಲ, ಸೊನ್ನೆ ಅಂತ ತೋರಿಸ್ತಿತ್ತು. ಮಕ್ಕಳ ಔಷಧಿ ಕಣ್ರೀ ಅದು!"

"ಈಗ ನೀವೇ ಕಿತ್ತು ನೋಡಿ ಸಾರ್."

ಕಿತ್ತರು, ಗೆರೆ ಬಂತು. ಸಿಕ್ಕಿಸಿದರು, ಡಿಗ್ರಿ ಬಂತು. ಹೊಸ ಆಟಿಕೆ ಸಿಕ್ಕ ಮಗುವಿನಂತೆ ಮತ್ತೆ ಮತ್ತೆ ಕಿತ್ತರು, ಸಿಕ್ಕಿಸಿದರು. ಕೊನೆಗೆ ಕುರ್ಚಿಗೆ ಒರಗಿ, "ಒಂದು ವಾರ ಕೊಡ್ತೀನಿ. ಆರೂ ಓಡ್ಬೇಕು. ವೈಟ್‌ಫೀಲ್ಡ್‌ನೋರಿಗೆ ಕಾಯೋಕೆ ಹೇಳ್ತೀನಿ," ಎಂದರು. ಆಮೇಲೆ ಸಾರ್ ಕಡೆ ತಿರುಗಿ, "ಪರವಾಗಿಲ್ಲ ಕಣ್ರೀ. ನಿಮ್ಮ ತಪ್ಪು ನೀವೇ ಹಿಡಿದು ನೀವೇ ಸರಿ ಮಾಡಿದೀರ," ಎಂದು ಎದ್ದರು.

ಗೆದ್ದಾಗಿತ್ತು. ನಾನು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಆಗ ಬಾಣಲೆಯ ತಳ ಕೆರೆದಂಥ ಒಂದು ದನಿ ಕೇಳಿಸಿತು. ಯಾರದೆಂದು ಗುರುತು ಹತ್ತಲು ನನಗೆ ಒಂದು ಕ್ಷಣ ಬೇಕಾಯಿತು.

"ನಾನಲ್ಲ ಸಾರ್. ತಪ್ಪು... ಹಿಡಿದಿದ್ದು ಇವಳು."

ಮಾಲೀಕರು ಬಾಗಿಲಲ್ಲೇ ನಿಂತುಬಿಟ್ಟರು. ತಾನು ಕಟ್ಟಿದ್ದು ಕಸದ ಬುಟ್ಟಿಗೆ ಹೋಗುತ್ತದೆಂದಾಗ ತುಟಿ ಬಿಚ್ಚದ ಮನುಷ್ಯ! ಅರ್ಧ ಗಂಟೆ ನಾನು ಅವರ ಪರವಾಗಿ ವಾದಿಸುವಾಗ ಹಲ್ಲು ಕಚ್ಚಿ ಕುಳಿತಿದ್ದ ಮನುಷ್ಯ! ಇನ್ನೂ ಏನೋ ಹೇಳಲು ಅವರು ಉಸಿರೆಳೆದುಕೊಂಡರು.

"ಸಾರ್, ಬಾಯಿ ಮುಚ್ಚಿ!" ಎಂದು ಕಿರುಚಿದೆ. ಮಾಲೀಕರ ಎದುರಿಗೇ. ಸಾರ್ ಮನೆಯವರು ಫ್ಲಾಸ್ಕಿನಲ್ಲಿ ಕಳಿಸಿದ್ದ ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿದೆ. ಅರ್ಧ ಲೋಟಕ್ಕೆ ಹೋಯಿತು, ಅರ್ಧ ಮೇಜಿಗೆ. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು, ನನ್ನನ್ನೇ ನೋಡುತ್ತ, ಪೂರ್ತಿ ಕುಡಿದರು. ನಾನು ನೀರು ಚೆಲ್ಲಿದ ಮೇಜನ್ನು ಬಹಳ ಹೊತ್ತು ಒರೆಸಿದೆ.