ಅವ್ವನ ಗಡುವು, ಅರಬಿ ಒಗೆಯುವ ಮಷಿನ್ನು

ಹೊಸ ಎತ್ತು ಹಟ ಹಿಡಿದರೆ ಊರ ಮಂದಿ ಬಂದು ಬುದ್ಧಿ ಹೇಳುತ್ತಾರೆ; ಹೊಸ ಮಷಿನ್ನು ಹಟ ಹಿಡಿದರೆ ಅದೇ ಮಂದಿ ಬಂದು ನಗುತ್ತಾರೆ. ನಗಲಿ, ಅದಕ್ಕೇನೂ ಬೇಸರವಿಲ್ಲ. ಆದರೆ ಒಂದೇ ಶ್ರಾವಣದಲ್ಲಿ ಇಷ್ಟು ಸಲ ನಗಿಸುವ ಪಾಳಿ ನಮ್ಮ ಮನೆಗೇ ಯಾಕೆ ಬಂತೋ, ಆ ಶಿವನೇ ಬಲ್ಲ.

ನಮ್ಮದು ದೇವಾಪುರ. ಕಾಲುವೆ ಬಂದ ಮೇಲೆ ಭತ್ತ ಹಚ್ಚಿದ ಮನೆತನ. ಹೆಂಡತಿಯ ಬಲಗೈ ಮಣಿಕಟ್ಟು ಬಾತುಕೊಂಡಾಗ ಶಹಾಪುರದ ಡಾಕ್ಟರು, ‘ಇನ್ನ ಮ್ಯಾಲ ಅರಬಿ ಹಿಂಡಿದ್ರ ಈ ಕೈ ಎದಕ್ಕೂ ಬರಂಗಿಲ್ಲ ನೋಡ್ರಿ’ ಅಂದರು. ಹಾಗಾಗಿ ಬಟ್ಟೆ ಒಗೆಯುವ ಮಷಿನ್ನು ಮನೆಗೆ ಬಂತು. ಬಂದದ್ದು ನಮ್ಮ ಅವ್ವನಿಗೆ ಸುತರಾಂ ಸೇರಲಿಲ್ಲ.

‘ಎಲ್ಲಾರ ಮೈಲಿಗಿ ಒಂದ ಡಬ್ಬ್ಯಾಗ ತಿರುಗಿದ್ರ ಅದು ಮಡಿ ಹ್ಯಾಂಗ ಆಗತೈತೋ ತಮ್ಮಾ?’

‘ಆಕಿ ಕೈ ನೋಡಬೇ ಅವ್ವಾ.’

ಅವ್ವ ಕೈ ನೋಡಿದಳು, ಮಷಿನ್ನು ನೋಡಿದಳು. ‘ಶ್ರಾವಣ ಮುಗಿಯೂತನಾ ಇರಲಿ. ಅಷ್ಟರಾಗ ಒಮ್ಮಿ ಕೆಟ್ಟು ನಿಂತಿದ್ದು ನನ್ನ ಕಣ್ಣಿಗೆ ಬಿತ್ತಂದ್ರ, ತಂದ ಗಾಡ್ಯಾಗ ವಾಪಸ್ ಹೋಗಬೇಕು’ ಅಂದಳು.

ಮಷಿನ್ನು ಹೋದರೆ ಹೆಂಡತಿ ಮತ್ತೆ ಒಗೆಯುವ ಕಲ್ಲಿಗೆ ಹೋಗಬೇಕು. ಆದ್ದರಿಂದ ಆ ತಿಂಗಳು ನಾನು ಹೊಲ ಕಾಯುವುದನ್ನು ಬಿಟ್ಟು ಮಷಿನ್ನು ಕಾದೆ.

ಸೋಮವಾರದ ಮುಹೂರ್ತ

ಜೋಡಿಸಿ ಕೊಡುವ ಮಿಸ್ತ್ರಿ ಬುಧವಾರ ಬರುತ್ತೇನೆಂದು ಹೇಳಿದ್ದ. ಆದರೆ ಒಳ್ಳೆಯ ಮುಹೂರ್ತ ಇದ್ದದ್ದು ಸೋಮವಾರ. ಮಿಸ್ತ್ರಿ ಸಲುವಾಗಿ ಮುಹೂರ್ತ ಬಿಡುವುದುಂಟೇ? ಅವ್ವ ಮಠಕ್ಕೆ ಹೋದ ಹೊತ್ತು ನೋಡಿ ಮಷಿನ್ನಿಗೆ ವಿಭೂತಿ ಹಚ್ಚಿದೆ, ಕಾಯಿ ಒಡೆದೆ, ನಳಕ್ಕೆ ಪೈಪು ಸಿಗಿಸಿ ಗುಂಡಿ ಒತ್ತಿದೆ.

ಮೊದಲು ಮೆಲ್ಲಗೆ ತಿರುಗಿತು. ಆಮೇಲೆ ನಡುಗಿತು. ಹಿಂಡುವ ಸರದಿ ಬಂದಾಗ ಧಡಧಡ ಕುಣಿಯುತ್ತ ಬಚ್ಚಲಿನಿಂದ ಹೊರಟು ಅಡುಗೆಮನೆಯ ಹೊಸ್ತಿಲಿಗೆ ಬಂತು. ನಾನು ಒಂದು ಕಡೆ, ಹೆಂಡತಿ ಒಂದು ಕಡೆ ಅಪ್ಪಿಕೊಂಡು ನಿಂತೆವು. ನಾವೂ ನಡುಗತೊಡಗಿದೆವು. ಸಪ್ಪಳ ಕೇಳಿ ಓಡಿ ಬಂದ ಪಕ್ಕದ ಮನೆಯ ಮುದುಕಿ ಮಷಿನ್ನಿನ ಹಣೆಯ ಮೇಲಿನ ವಿಭೂತಿ, ಮುಂದಿನ ಕಾಯಿ ನೋಡಿ ಎರಡೂ ಕೈ ಮುಗಿದಳು.

‘ಮೈಯಾಗ ದೇವರು ಬಂದೈತೋ ಯಪ್ಪಾ! ಗಟ್ಟಿ ಹಿಡಕೋರಿ. ಈ ಸಲ ಕಾಲುವಿಗೆ ನೀರು ಯಾವಾಗ ಬಿಡ್ತಾರ, ಕೇಳ್ರಿ!’

ಬುಧವಾರ ಮಿಸ್ತ್ರಿ ಬಂದು ಹಿಂಬದಿಯಲ್ಲಿ ನಾಲ್ಕು ಉದ್ದನೆಯ ಬೋಲ್ಟು ಬಿಚ್ಚಿದ. ದಾರಿಯಲ್ಲಿ ಒಳಗಿನ ಡ್ರಮ್ಮು ಅಲ್ಲಾಡಬಾರದೆಂದು ಹಾಕಿದವಂತೆ. ‘ಕಾಕಾರ, ಎತ್ತಿನ ಕಾಲು ಕಟ್ಟಿ ಹೊಲಕ್ಕ ರಂಟಿ ಹೊಡದೀರಿ ನೀವು’ ಅಂದ.

ಕಾಲುವೆ ನೀರು

ಎಂಟು ದಿನ ನೆಟ್ಟಗೆ ನಡೆಯಿತು. ಒಂಬತ್ತನೆಯ ದಿನ ಮಷಿನ್ನು ಕೆಂಪು ದೀಪ ಹಚ್ಚಿಕೊಂಡು ಕೂಗತೊಡಗಿತು. ಅವ್ವ ಒಳಗಿನಿಂದ, ‘ಏನೋ ಅದು ಕುಂಯ್ ಅನ್ನೂದು?’ ಅಂದಳು.

‘ಫೋನವ್ವಾ’ ಅಂದೆ. ಸುಳ್ಳಾಗಬಾರದೆಂದು ಕೂಡಲೇ ಮಿಸ್ತ್ರಿಗೆ ಫೋನು ಹಚ್ಚಿದೆ.

‘ಪ್ಲಗ್ ತಗದು ಹತ್ತ ನಿಮಿಷ ಬಿಟ್ಟು ಹಾಕ್ರಿ’ ಅಂದ. ಹಾಕಿದೆ. ಮತ್ತೆ ಕೂಗಿತು.

‘ಹಂಗಾರ ನೀರು ಏರವಲ್ದು. ಪೈಪು ಬಿಚ್ಚಿ ನೋಡ್ರಿ, ಬಾಯಾಗ ನೀರು ಸೋಸೂ ಸಣ್ಣ ಜಾಳಿಗಿ ಇರತೈತಿ.’

ಬಿಚ್ಚಿದೆ. ಜಾಳಿಗೆ ಕಾಣಲಿಲ್ಲ, ಎರೆಮಣ್ಣು ಕಂಡಿತು. ಅದರೊಳಗೆ ಒಂದು ಶಂಖದ ಹುಳ ಸಂಸಾರ ಹೂಡಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವ ಕೇಳಿದ, ‘ಟಾಕಿಗೆ ಯಾವ ನೀರು ಏರಸ್ತೀರಿ?’

‘ಮೊನ್ನೆ ಬಿಟ್ಟಾರಲ್ಲ, ಕಾಲುವಿ ನೀರು. ನಮ್ಮ ಭತ್ತಕ್ಕ ಅದ, ನಮಗೂ ಅದ.’

‘ಕಾಕಾರ, ನಳಕ್ಕ ಒಂದು ಅರಬಿ ಕಟ್ಟಿ ಸೋಸ್ರಿ. ಇಲ್ಲಾಂದ್ರ ಮುಂದಿನ ಸಲ ನನ್ನ ಕರಿಯಬ್ಯಾಡ್ರಿ, ನಾಟಿ ಹಚ್ಚೂ ಹೆಣ್ಮಕ್ಕಳನ್ನ ಕರೀರಿ.’

ಕಿಸೆಯ ವಿಭೂತಿ

ಇದು ಪೂರ್ತಿ ನನ್ನದೇ ತಪ್ಪು. ಅಂಗಿಯ ಕಿಸೆಯಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡಿರುವುದು ನನ್ನ ರೂಢಿ. ತೆಗೆಯದೆ ಹಾಕಿದೆ. ನೀರು ಹೊರಗೆ ಹೋಗದೆ ಮಷಿನ್ನು ನಿಂತಿತು. ಈಗ ನಾನೂ ಅರ್ಧ ಮಿಸ್ತ್ರಿ. ಕೆಳಗಿನ ಸಣ್ಣ ಮುಚ್ಚಳ ತಿರುವಿ ನೀರು ಇಳಿಸಿದೆ. ಕರಗದೆ ಉಳಿದ ತುಂಡು ಅಲ್ಲೇ ಸಿಕ್ಕಿತ್ತು. ಅದನ್ನು ಕಣ್ಣಿಗೊತ್ತಿಕೊಂಡು ತೆಗೆದಿಟ್ಟೆ.

ಆದರೆ ಬಟ್ಟೆ? ನನ್ನ ಕರೀ ಕೋಟು, ಹೆಂಡತಿಯ ಇಳಕಲ್ ಸೀರೆ, ಟವೆಲ್ಲು, ಚಡ್ಡಿ, ಎಲ್ಲದರ ಮೇಲೂ ಬಿಳೀ ಪಟ್ಟೆ.

‘ಒಳಗ ಹಾಕಿದ್ದು ಅರಬಿ, ಹೊರಗ ಬಂದಿದ್ದು ಮಠದ ಅಯ್ಯನೋರು’ ಅಂದಳು ಹೆಂಡತಿ.

ಒಣಹಾಕುವಾಗ ಅವ್ವ ಬಂದೇಬಿಟ್ಟಳು. ಅವ್ವ ಸಾಲಾಗಿ ತೂಗುತ್ತಿದ್ದ ಬಟ್ಟೆಗಳನ್ನು ಒಂದೊಂದಾಗಿ ನೋಡಿದಳು. ನನ್ನ ಚಡ್ಡಿಯ ಮುಂದೆ ನಿಂತು ಹೇಳಿದಳು: ‘ನಿನಗ ಇಲ್ಲದ ಭಕ್ತಿ ನಿನ್ನ ಚಡ್ಡಿಗೆ ಐತಿ.’

ಕಡೆಯ ಸೋಮವಾರ

ಶ್ರಾವಣದ ಕಡೆಯ ಸೋಮವಾರ, ತಿಂಗಳ ಕಡೆಯ ದಿನವೂ ಅದೇ. ಇದೊಂದು ದಿನ ದಾಟಿದರೆ ಗೆದ್ದೆವು ಎಂದುಕೊಂಡಿದ್ದೆ. ಅವ್ವ ಸ್ನಾನ ಮುಗಿಸಿ, ‘ನನ್ನ ಮಡಿ ಸೀರಿ ಎಲ್ಲಿ?’ ಎಂದು ಕೂಗಿದಳು. ಪೂಜೆ ಆಗುವವರೆಗೆ ಆಕೆ ಗುಟುಕು ನೀರೂ ಕುಡಿಯುವುದಿಲ್ಲ.

ಹೆಂಡತಿ ನನ್ನನ್ನು ಬಚ್ಚಲಿಗೆ ಎಳೆದೊಯ್ದಳು. ಮಷಿನ್ನಿನ ಗಾಜಿನೊಳಗೆ, ಸಾಬೂನಿನ ನೀರಿನಲ್ಲಿ, ಕಲ್ಲಿನ ಮೇಲೇ ಒಗೆಯಬೇಕೆಂದು ಅವ್ವ ತಾಕೀತು ಮಾಡಿದ್ದ ಮಡಿ ಸೀರೆಯ ಕೆಂಪು ಸೆರಗು!

‘ಆ ಸೀರಿ ಹಿಂಡಾಕ ಆಗೂದಿಲ್ರಿ ನನ್ನ ಕೈಲೆ. ತಿಂಗಳಾತು, ಇದರಾಗ ಹಾಕಾಕತ್ತೀನಿ. ಈಗ ಕರೆಂಟ್ ಹೋಗಿ ಬಂತು, ಬಾಗಲಾ ತಗೀವಲ್ದು.’

ಮಿಸ್ತ್ರಿ ಫೋನಿನಲ್ಲಿ, ‘ಜಗ್ಗಬ್ಯಾಡ್ರಿ, ಮುರೀತೈತಿ. ಪ್ಲಗ್ ತಗೀರಿ, ಕೆಳಗಿಂದ ನೀರು ಇಳಸ್ರಿ, ಹತ್ತ ನಿಮಿಷ ತಡೀರಿ’ ಅಂದ. ನೀರು ಇಳಿಸುತ್ತ ಬಗ್ಗಿ ಕುಳಿತಿದ್ದೆ. ಹಿಂದಿನಿಂದ ನೆರಳು ಬಿತ್ತು.

‘ಅದು ನನ್ನ ಸೀರಿ ಅಲ್ಲೇನು?’

ಹೆಂಡತಿ ತಲೆ ತಗ್ಗಿಸಿ, ‘ಹೌದ್ರಿ ಅತ್ತಿ. ತಿಂಗಳಾತ್ರಿ’ ಅಂದಳು.

ಅವ್ವ ಮಷಿನ್ನಿನ ಮುಂದೆ ಮಣೆ ಎಳೆದುಕೊಂಡು ಕುಳಿತಳು. ಬೈಯಲಿಲ್ಲ. ಅದೇ ಹೆದರಿಕೆ. ನಾನು ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸುತ್ತ, ತಂದ ಗಾಡಿಯವನ ನಂಬರು ಯಾವ ಚೀಟಿಯಲ್ಲಿದೆ ಎಂದು ನೆನಪಿಸಿಕೊಳ್ಳುತ್ತಿದ್ದೆ. ಅವ್ವ ಬಹಳ ಹೊತ್ತು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು.

‘ತಮ್ಮಾ, ಇದು ಮಡಿ ಅಲ್ಲಾಂದ್ರ, ನಾ ಶ್ರಾವಣ ಪೂರ್ತಿ ಮಾಡಿದ ಪೂಜಿ ಎಲ್ಲಿಗಿ ಹೋತು?’

ನಾನು ಬಗ್ಗಿ ಕೆಳಗಿನ ಮುಚ್ಚಳ ತಿರುವಿ ಬಿಗಿ ಮಾಡಿದೆ.

‘ಎಲ್ಲಿಗೂ ಹೋಗಿಲ್ಲ. ನನ್ನ ಪೂಜಿ ಶಿವಗ ಮುಟ್ಟೈತಿ. ಅಂದ ಮ್ಯಾಲ ಈ ಮಷಿನ್ನೂ ಮಡೀನ ಐತಿ!’

ಆ ಹೊತ್ತಿಗೆ ಸರಿಯಾಗಿ ಬಾಗಿಲು ‘ಟಕ್’ ಎಂದು ಬಿಚ್ಚಿಕೊಂಡಿತು. ಅವ್ವ ಕೈ ಮುಗಿದಳು. ನಾವೂ ಮುಗಿದೆವು. ಹೆಂಡತಿಯ ಕಣ್ಣಲ್ಲಿ ನೀರೇ ಬಂತು. ಬದುಕಿದೆವು ಎಂದುಕೊಂಡು ನಾನು ನನ್ನ ಕೊಳೆ ಧೋತರ ಹಿಡಿದು ಮಷಿನ್ನಿನ ಕಡೆ ಹೊರಟೆ.

‘ಏ! ಮಡಿ ಮಷಿನ್ಯಾಗ ಮೈಲಿಗಿ ಹಾಕ್ತೀಯೇನು? ಮೊದಲ ಕಲ್ಲಿನ ಮ್ಯಾಲ ಒಗದು, ಹಿಂಡಿ, ಆಮ್ಯಾಲ ಹಾಕಬೇಕು.’

‘ಆಕಿ ಕೈ ನೋಯ್ತಾವಲ್ಲಬೇ ಅವ್ವಾ?’

‘ಆಕಿ ಕೈ ನೋಯ್ತಾವ. ನಿನ್ನ ಕೈಗಿ ಏನಾಗೈತಿ?’

ಮೊನ್ನೆ ಸುರಪುರದಿಂದ ಹೆಂಡತಿಯ ಅಕ್ಕ ಬಂದಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಕುಕ್ಕುತ್ತಿದ್ದೆ. ಹೆಂಡತಿ ಎರಡೂ ಕೈಯಿಂದ ದಬದಬ ರೊಟ್ಟಿ ಬಡಿಯುತ್ತಿದ್ದಳು. ಬಾವು ಪೂರ್ತಿ ಇಳಿದಿತ್ತು.

‘ಮಷಿನ್ ಹ್ಯಾಂಗೈತೆ ತಂಗೀ? ನಾವೂ ಒಂದು ತರಬೇಕಂತ ಮಾಡೀವಿ’ ಅಂದಳು ಅಕ್ಕ.

ಹೆಂಡತಿ ಕಿಟಕಿಯಿಂದ ನನ್ನನ್ನು ಒಮ್ಮೆ ನೋಡಿದಳು.

‘ಚಲೋ ಐತಿ ಬಿಡಕ್ಕಾ. ಕರೆಂಟ್ ಹೋದ್ರೂ ನಿಂದರಂಗಿಲ್ಲ.’