ಎರಡು ಗಂಟಿನ ಬಾಟ್ಲಿ

ನಮ್ಮ ಕಾಕಾನಂಥ ಅತ್ತರಿನ ವ್ಯಾಪಾರಿ ಇಡೀ ಹೈದರಾಬಾದ್ ಸಂಸ್ಥಾನದಲ್ಲೇ ಇರಲಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಯಾಕೆಂದರೆ ಅವನಿಗೆ ವಾಸನೆಯೇ ಬರುತ್ತಿರಲಿಲ್ಲ! ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಮೂಗು ಮಾತ್ರ ಮುಖದ ಮೇಲೆ ಭರ್ಜರಿಯಾಗಿಯೇ ಇತ್ತು. ಒಮ್ಮೆ ಹಾಲು ಹೊತ್ತಿ ಕಲಬುರ್ಗಿಯ ಶಹಾಬಜಾರದ ನಮ್ಮ ಓಣಿಯೆಲ್ಲ ಮೂಗಿಗೆ ಸೆರಗು ಹಿಡಿದರೂ, ಕಾಕಾ ಒಲೆಯ ಪಕ್ಕದಲ್ಲೇ ಕುಳಿತು ಹಾಲು ಕಾಯುತ್ತಿದ್ದ.

ಅಂಥವನು ಅತ್ತರು ಹೇಗೆ ಮಾಡುತ್ತಿದ್ದ ಎನ್ನುತ್ತೀರಾ? ಅದೇ ಊರಿನ ರೋಜಾ ಬಡಾವಣೆಯಲ್ಲಿ ದರ್ಗಾದ ದಾರಿಗೆ ಅವನ ಭಾಗೀದಾರರ ಅಂಗಡಿ ಇತ್ತು. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಚಾಚಾರ ಮೂಗು ಬಂಗಾರ, ಆದರೆ ಕೈ ಗಡಗಡ ನಡುಗುತ್ತಿತ್ತು. ಹಾಗಾಗಿ ಮೂಸುವುದು ಅವರು, ಹನಿ ಅಳೆಯುವುದು ಕಾಕಾ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಅತ್ತರಿನವನಾಗುತ್ತಿದ್ದ.

ಇವರಿಬ್ಬರ ದೊಡ್ಡ ಆಸ್ತಿ ಮುಂಬಯಿಯಿಂದ ತರಿಸಿದ ಒಂದು ಕಂದು ಗಾಜಿನ ಬಾಟ್ಲಿ. ಮೇಲಿನ ಚೀಟಿಯಲ್ಲಿ ಬೆಂಜೈಲ್ ಆಲ್ಕೋಹಾಲ್ ಎಂದಿತ್ತು. ನೋಡಲು ನೀರು, ಸ್ವಲ್ಪ ಮಂದ, ಮೂಸಿದರೆ ಎಲ್ಲೋ ದೂರದಲ್ಲಿ ಹೂವಿದ್ದಂತೆ. ಎಣ್ಣೆಗೂ ನೀರಿಗೂ ಜಗ್ಗದ ಅಂಟಂಟು ಸುಗಂಧದ್ರವ್ಯಗಳು ಇದರಲ್ಲಿ ತೆಪ್ಪಗೆ ಕರಗುತ್ತಿದ್ದವು. ಅದಕ್ಕೆ ಕಾಕಾ ಮಾಡಿದ ಕಾನೂನುಗಳೋ, ನಿಜಾಮರ ಸರ್ಕಾರದಲ್ಲೂ ಅಷ್ಟಿರಲಿಲ್ಲ! ಬಿಸಿಲು ತಾಗಬಾರದು, ಒಲೆಯ ಹತ್ತಿರ ತರಬಾರದು, ಕಣ್ಣಿಗೆ ಸಿಡಿಯಬಾರದು, ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುರಿಯಬಾರದು. ಕಾಕಾನ ಹೆಂಡತಿ ಕಾಕು ಅದನ್ನು ಸವತಿ ಎಂದೇ ಕರೆಯುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಕಾನೂನು ಮುಚ್ಚಳದ್ದು. ಅದರ ಮೇಲೆ ಎರಡು ದಾರ, ಒಂದಕ್ಕೆ ಕಾಕಾನ ಗಂಟು, ಇನ್ನೊಂದಕ್ಕೆ ಚಾಚಾರ ಗಂಟು. ಅವರವರ ಗಂಟು ಅವರವರೇ ಬಿಚ್ಚಬೇಕು. ಬಾಟ್ಲಿ ಖಾಲಿಯಾದಂತೆಲ್ಲ ಇಬ್ಬರೂ ಕೂತು ಉಳಿದದ್ದನ್ನು ಸಣ್ಣ ಬಾಟ್ಲಿಗೆ ಸುರಿಯುತ್ತಿದ್ದರು. ಒಳಗೆ ಗಾಳಿ ಹೆಚ್ಚಾದರೆ ಮಾಲು ಕೆಡುತ್ತದೆ ಎಂದು ಚಾಚಾ ಹೇಳುತ್ತಿದ್ದರು.

ಒಮ್ಮೆ ಆಬಕಾರಿ ಜವಾನನೊಬ್ಬ ಆಲ್ಕೋಹಾಲ್ ಎಂಬ ಹೆಸರು ಕೇಳಿ, ಕಳ್ಳಭಟ್ಟಿ ಸೆರೆ ಸಿಕ್ಕಿತೆಂದು ಮೀಸೆ ತಿರುವುತ್ತ ಬಂದ. ಕುಡಿಯುವುದಲ್ಲವೆಂದು ಇಬ್ಬರೂ ಎಷ್ಟು ಹೇಳಿದರೂ ಕೇಳದೆ ಗಂಟು ಬಿಚ್ಚಿಸಿ ಬೆರಳು ಅದ್ದಿ ನಾಲಿಗೆಗೆ ಸವರಿಕೊಂಡ. ಮೊದಲು ಉರಿಯಿತು, ಆಮೇಲೆ ನಾಲಿಗೆ ಜೋಮು ಹಿಡಿಯಿತು. ಬೈಯಬೇಕೆಂದು ಬಾಯಿ ತೆರೆದರೆ ಬರೀ 'ಥಥಥ'! ಅವನು ಮತ್ತೆ ನಮ್ಮ ಓಣಿಗೆ ಕಾಲಿಡಲಿಲ್ಲ.

ನಗುವ ದಿನಗಳು ಬಹಳ ಉಳಿಯಲಿಲ್ಲ. ನಿಜಾಮರ ಪರವಾದ ರಜಾಕಾರರ ಗದ್ದಲ ಹೆಚ್ಚಾದಾಗ ನಾವು ಮನೆಗೆ ಕೀಲಿ ಹಾಕಿ ಕಮಲಾಪುರಕ್ಕೆ, ಕಾಕುವಿನ ತವರಿಗೆ ಹೊರಟೆವು. ಚಾಚಾ ಚಕ್ಕಡಿಯತನಕ ಬಂದು, ಸಣ್ಣದಕ್ಕೆ ಸುರಿಯಲು ಪುರುಸೊತ್ತಿಲ್ಲದೆ ಅರ್ಧ ಖಾಲಿಯಾಗಿದ್ದ ಬಾಟ್ಲಿಯ ಗಂಟನ್ನೇ ಇನ್ನಷ್ಟು ಬಿಗಿದು ಕಾಕಾನ ಕೈಗಿಟ್ಟರು. ಕಾಕು ಹಿತ್ತಾಳೆ ಕೊಡ ಹಿಡಿದು ಕೂತಳು, ಕಾಕಾ ಕೌದಿ ಸುತ್ತಿದ ಬಾಟ್ಲಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡ.

ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಭಾರತಕ್ಕೆ ಸೇರಿತು. ನಮ್ಮ ಅಂಜಿಕೆ ಮುಗಿಯಿತು, ಚಾಚಾರ ಮನೆಯವರದು ಶುರುವಾಯಿತು. ರೋಜಾದ ಅಂಗಡಿ ಮುಚ್ಚಿದೆ, ಅವರು ಎಲ್ಲಿ ಹೋದರೋ ಗೊತ್ತಿಲ್ಲ ಎಂಬ ಸುದ್ದಿ ಬಂತು.  ಕಲಬುರ್ಗಿಯಿಂದ ಯಾರೇ ಬರಲಿ, ಚಕ್ಕಡಿ ನಿಲ್ಲುವ ಮೊದಲೇ ಕಾಕಾ ಚಾಚಾರನ್ನು ಕೇಳುತ್ತಿದ್ದ.

ಅಷ್ಟರಲ್ಲಿ ಕಮಲಾಪುರದಲ್ಲೇ ನನ್ನ ಮದುವೆ ಗೊತ್ತಾಯಿತು. ಅತ್ತರಿನವರ ಮನೆಯ ಮದುವೆ, ಬೀಗರ ಕೈಗೆ ಅತ್ತರು ಹಚ್ಚದಿದ್ದರೆ ಹೇಗೆ? ಆದರೆ ಕಾಕಾ ಗಂಟು ಬಿಚ್ಚಲು ಒಪ್ಪಲಿಲ್ಲ. ಅಪ್ಪ ಬೈದ, ಕಾಕು ಅತ್ತಳು, ನಾನು ಊಟ ಬಿಟ್ಟೆ. ಕೊನೆಗೆ ನನ್ನೊಬ್ಬಳಿಗೇ ಹೇಳಿದ:

"ಅಂವ ಇಲ್ದಾಗ ಬಿಚ್ಚಿದ್ರ, ಅಂವ ಇನ್ನ ಬರಂಗಿಲ್ಲ ಅಂತ ನಾನೇ ಒಪ್ಪಿಕೊಂಡಂಗ ಆಗ್ತದವ್ವಾ."

ನನ್ನ ಮದುವೆ ಬರೀ ಅರಿಶಿನದ ವಾಸನೆಯಲ್ಲೇ ಆಯಿತು. ಬೀಗರು ನಕ್ಕರು. ನಾನು ಕಾಕಾನ ಮೇಲೆ ಮುನಿಸಿಕೊಂಡೇ ಗಂಡನ ಮನೆಗೆ ಹೋದೆ.

ಮುಂದೆ ತವರಿನವರು ಶಹಾಬಜಾರಕ್ಕೆ ಮರಳಿದ ಮೇಲೆ ನಾನು ಅಲ್ಲಿಗೆ ಬಂದಿದ್ದಾಗ, ಚಾಚಾ ಅಂಗಡಿ ತೆಗೆದಿದ್ದಾರೆಂಬ ಸುದ್ದಿ ಸಿಕ್ಕಿತು. ಕಾಕಾ ಚಪ್ಪಲಿಯನ್ನೂ ಮೆಟ್ಟದೆ ಬಾಟ್ಲಿ ಎತ್ತಿಕೊಂಡು ಓಡಿದ, ಹಿಂದೆ ನಾನು. ಚಾಚಾರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಎದುರುಬದುರು ಕೂತು ತಮ್ಮ ತಮ್ಮ ಗಂಟು ಬಿಚ್ಚಿದರು.

ಮುಚ್ಚಳ ತೆಗೆದದ್ದೇ ತಡ, ಕಹಿ ಬಾದಾಮಿಯ ವಾಸನೆ ನನ್ನ ಮೂಗಿಗೇ ಬಡಿಯಿತು! ಅರ್ಧ ಬಾಟ್ಲಿ ಗಾಳಿಯ ಜೊತೆ ಅಷ್ಟು ದಿನ ಕೂತು ಮಾಲು ಕೆಟ್ಟಿತ್ತು. ಕಾಕಾ ಒಬ್ಬನೇ ಬಿಚ್ಚಿ ಸಣ್ಣ ಬಾಟ್ಲಿಗೆ ಸುರಿದಿದ್ದರೆ ಉಳಿಯುತ್ತಿತ್ತು. ಚಾಚಾ ಬಾಟ್ಲಿಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು.

"ಹ್ಯಾಂಗದ?" ಎಂದ ಕಾಕಾ.

"ನೀ ಒಯ್ಯುವಾಗ ಹ್ಯಾಂಗಿತ್ತೋ ಹಾಂಗೇ ಅದ, ಭಾಯಿ."

ಅದರಲ್ಲೇ ಒಂದು ಅತ್ತರು ಮಾಡಿ, ತಡವಾದ ಮದುವೆಯ ಉಡುಗೊರೆಯೆಂದು ಶೀಶೆಯಲ್ಲಿ ನನಗೆ ಕೊಟ್ಟರು. ಇಬ್ಬರ ಮುಖ ನೋಡಿ ಗುಲಾಬಿಯ ವಾಸನೆಯೇ ಬಂತೆಂದು ಹೇಳಿದೆ. ಮನೆಯ ದಾರಿಯಲ್ಲಿ ಕಾಕಾ ತಟ್ಟನೆ ನಿಂತ.

"ಅದು ಕೆಟ್ಟು ಹೋಗ್ಯದ, ಹೌದಲ್ಲವ್ವಾ?"

ನಾನು ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಚಲೋ ಇದ್ರ ಅಂವ ದೂರದಿಂದನೇ ಹೇಳ್ತಿದ್ದ. ಅಷ್ಟೊತ್ತು ಹಿಡಕೊಂಡು ಕೂಡ್ತಿರಲಿಲ್ಲ." ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. "ಕೆಟ್ರ ಕೆಡ್ಲಿ ಬಿಡು. ಅಂವ ಬಂದಾನಲ್ಲ, ನನ್ನ ಮೂಗು ತಿರುಗಿ ಬಂದದ."

ಅಲ್ಲೇ ರಸ್ತೆಯಲ್ಲಿ ನಿಂತು ಶೀಶೆ ತೆಗೆದು, ಮೊದಲು ಕಾಕಾನ ಕೈಗೆ ಹಚ್ಚಿದೆ, ಆಮೇಲೆ ನನ್ನ ಸೆರಗಿಗೆ.