ದುಭಾಷಿಯ ಕುರ್ಚಿ

ಯುರೋಪಿನ ರಾಜಧಾನಿಯೊಂದರಲ್ಲಿ ವಿದೇಶೀ ವಿದ್ಯಾರ್ಥಿಗಳ ಕಚೇರಿ ಇದೆ. ಅದರ ನಿಯಮ ಹದಿನೇಳು ಹೀಗಿದೆ: ‘ಭಾಷೆ ಕಲಿಯಲೆಂದು ಬಂದವರು ಭಾಷೆ ಬಂದ ಮೂವತ್ತು ದಿನಗಳೊಳಗೆ ದೇಶ ಬಿಡತಕ್ಕದ್ದು. ಬಂದ ಉದ್ದೇಶ ಈಡೇರಿದ ಮೇಲೆ ಉಳಿಯಲು ಕಾರಣವಿರುವುದಿಲ್ಲ.’

ನ್ಯಾಯವಾದ ನಿಯಮ. ಆ ಕಚೇರಿಯಲ್ಲಿ ನಾನು ಇಪ್ಪತ್ತಾರು ವರ್ಷ ದುಭಾಷಿಯಾಗಿದ್ದೆ. ಅಷ್ಟು ವರ್ಷಗಳಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಭಾಷಾ ಶಾಲೆಯವರು ಅಷ್ಟು ಚೆನ್ನಾಗಿ ಕಲಿಸುತ್ತಿದ್ದರು.

ತೊಂದರೆ ತಂದವಳು ನನ್ನ ತಂಗಿಯ ಮಗಳು.

ಅವಳು ಬಂದದ್ದು ಕಲೆ ಮತ್ತು ಭಾಷೆ ಕಲಿಯಲು. ಎರಡಕ್ಕೂ ಒಂದೇ ಪರವಾನಗಿ. ಭಾಷೆ ಬಂತೆಂದರೆ ಕಲೆಯೂ ಹೋಯಿತು. ಕಲಾಶಾಲೆಯ ನೆಲಮಾಳಿಗೆಯಲ್ಲಿ ಬಾಗಿಲಷ್ಟು ದೊಡ್ಡ ಮರದ ಹಲಗೆಯೊಂದನ್ನು ಕೆತ್ತುತ್ತಿದ್ದಳು. ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಒತ್ತಬೇಕು. ಆ ಒಂದು ಅಚ್ಚಿಗೇ ಪದವಿ. ಎರಡನೇ ವರ್ಷದ ಕೊನೆಗೆ ಹಲಗೆ ಅರ್ಧವಾಗಿತ್ತು. ವಿಮಾನದಲ್ಲಿ ಒಯ್ಯುವಂಥದ್ದಲ್ಲ. ಪರವಾನಗಿ ನವೀಕರಿಸಲು ನಾಲ್ಕನೇ ಕಿಟಕಿಗೆ ಹೋದಳು. ನನಗೆ ಹೇಳಲಿಲ್ಲ.

ಅಲ್ಲಿನ ಅಧಿಕಾರಿಣಿಯ ಮೇಜಿನ ಮೇಲೆ ಒಣಗಿದ ಗಿಡವೊಂದಿತ್ತು. ಹುಡುಗಿ ಅದನ್ನು ನೋಡಿ, ಆ ದೇಶದ ಭಾಷೆಯಲ್ಲಿ, “ಇದರ ಅರ್ಜಿಯೂ ಪರಿಶೀಲನೆಯಲ್ಲಿದೆಯಾ?” ಎಂದಳು.

ಅಧಿಕಾರಿಣಿ ನಕ್ಕುಬಿಟ್ಟರು.

ಆಮೇಲೆ ಕೈಪಿಡಿ ತೆಗೆದರು. ಅಧಿಕಾರಿಯನ್ನು ನಗಿಸುವುದು ಅತ್ಯುನ್ನತ ದರ್ಜೆಯ ಭಾಷಾಜ್ಞಾನ ಎಂದು ಅದರಲ್ಲಿತ್ತು. ಹುಡುಗಿಗೆ ಪ್ರಮಾಣಪತ್ರ ಕೊಟ್ಟು ಕೈಕುಲುಕಿದರು. ಪತ್ರದ ಹಿಂಬದಿಯಲ್ಲೇ ದೇಶ ಬಿಡಬೇಕಾದ ದಿನಾಂಕವಿತ್ತು.

ತಂಗಿ ಫೋನ್ ಮಾಡಿದಳು.

“ಅಣ್ಣಾ, ಅಷ್ಟು ಚೆನ್ನಾಗಿ ಯಾಕೆ ಕಲಿತಳು ಅವಳು?”

“ನನ್ನ ಕೇಳಿದ್ರೆ?”

“ಅಷ್ಟು ಹತ್ರ ಇದ್ದೂ ನೋಡ್ಕೊಳ್ಳೋದಲ್ವಾ! ಮನೇಲೂ ಹಿಂಗೇ. ಓದು ಅಂದ್ರೆ ಓದೇಬಿಡೋಳು.”

“ನೋಡ್ತೀನಿ. ಇಡು.”

ನಿಯಮ ಹದಿನೇಳಕ್ಕೆ ಒಂದು ಉಪನಿಯಮವಿದೆ: ‘ದುಭಾಷಿಯೊಂದಿಗೆ ಹಾಜರಾದವರಿಗೆ ಭಾಷೆ ಬರುವುದಿಲ್ಲವೆಂದು ಭಾವಿಸತಕ್ಕದ್ದು.’ ಇಪ್ಪತ್ತೊಂಬತ್ತನೇ ದಿನ ಅವಳನ್ನು ಕರೆದುಕೊಂಡು ಹೋದೆ. ಅವರ ಭಾಷೆಯಲ್ಲಿ ತುಟಿ ಬಿಚ್ಚಬೇಡ ಎಂದೆ.

“ಸರಿ ಮಾವ. ಆದ್ರೆ ನಾನು ಹೇಳಿದ್ದನ್ನ ಪೂರ್ತಿ ಹೇಳ್ಬೇಕು ನೀವು.”

“ಹೂಂ.”

ನಾಲ್ಕನೇ ಕಿಟಕಿಯ ಮುಂದೆ ಎರಡು ಕುರ್ಚಿ. ಎಡದ್ದು ಅರ್ಜಿದಾರರಿಗೆ, ಬಲದ್ದು ದುಭಾಷಿಗೆ. ಇನ್ನೂ ಏನು ಕಲಿಯುವುದು ಬಾಕಿ ಇದೆ ಎಂದು ಅಧಿಕಾರಿಣಿ ಕೇಳಿದರು. ನಾನು ಅದನ್ನು ನಮ್ಮ ಭಾಷೆಯಲ್ಲಿ ಕೇಳಿದೆ. ಹುಡುಗಿ ಹಲಗೆಯ ವಿಷಯ ಶುರುಮಾಡಿದಳು. ಮರದ ಎಳೆ, ಉಳಿಯ ಮೊನೆ, ಬೆಳಕು ಬೇಕಾದ ಕಡೆ ಕೆತ್ತಿ ತೆಗೆಯುವುದು, ಕತ್ತಲು ಬೇಕಾದ ಕಡೆ ಕೈ ತಡೆಯುವುದು. ಏಳು ನಿಮಿಷ.

“ಮರಗೆಲಸ,” ಎಂದೆ ಅಧಿಕಾರಿಣಿಗೆ.

“ಮಾವಾ!”

ಹುಡುಗಿ ಎದ್ದು ನಿಂತಳು. ಆ ದೇಶದ ಭಾಷೆಯಲ್ಲಿ ಏಳು ನಿಮಿಷವನ್ನೂ ಮೊದಲಿನಿಂದ ಹೇಳಿದಳು. ಒಂದು ತಪ್ಪಿಲ್ಲ. ಪಕ್ಕದ ಕಿಟಕಿಯವರೂ ಕೆಲಸ ಬಿಟ್ಟು ಕೇಳಿದರು.

ಕೆಟ್ಟಿತು ಅಂದುಕೊಂಡೆ.

ಅಧಿಕಾರಿಣಿ ಕನ್ನಡಕ ಒರೆಸಿಕೊಂಡರು. ಕೈಪಿಡಿ ನೋಡಿದರು. ಬಲದ ಕುರ್ಚಿಯ ಕಡೆ ತಿರುಗಿದರು.

“ಏನಂತಾರೆ ಇವರು?”

ಅವಳು ಹೇಳಿದ್ದನ್ನೇ, ಅದೇ ಭಾಷೆಯಲ್ಲಿ, ಮತ್ತೆ ಹೇಳಿದೆ. ಆ ಕಚೇರಿಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೊಂದೇ ದಿನ.

“ಈಗ ಅರ್ಥವಾಯಿತು,” ಎಂದು ಮುದ್ರೆ ಒತ್ತಿದರು. ಒಂದು ವರ್ಷ ಸಿಕ್ಕಿತು.

ಹೊರಗೆ ಬಂದ ಮೇಲೆ ಹುಡುಗಿ, “ಉಳಿಯ ಮೊನೆ ಬಿಟ್ಟುಬಿಟ್ರಿ ಮಾವ,” ಎಂದಳು.

ಮುಂದಿನ ವರ್ಷದ ಹೊತ್ತಿಗೆ ಹಲಗೆ ಕೆತ್ತಿ ಮುಗಿದಿತ್ತು. ಅಚ್ಚು ಒತ್ತುವುದು ಬಾಕಿ. ಅಷ್ಟರಲ್ಲಿ ನನಗೆ ನಿವೃತ್ತಿಯಾಯಿತು. ಕಚೇರಿ ಪ್ರಕಟಣೆ ಹೊರಡಿಸಿತು: ‘ದುಭಾಷಿ ಬೇಕಾಗಿದ್ದಾರೆ. ವಾರಕ್ಕೆ ಎರಡು ದಿನ. ಎರಡೂ ಭಾಷೆ ಚೆನ್ನಾಗಿ ಬರತಕ್ಕದ್ದು. ಅಧಿಕಾರಿಯನ್ನು ನಗಿಸಿದ ಪ್ರಮಾಣಪತ್ರವುಳ್ಳವರಿಗೆ ಆದ್ಯತೆ.’

ಆ ಪತ್ರ ಇದ್ದವಳು ಇಡೀ ರಾಜಧಾನಿಗೆ ಒಬ್ಬಳೇ. ಕೆಲಸ ಕೊಟ್ಟರು.

ಮೊದಲ ದಿನ ಅವಳ ಮುಂದೆ ಬಂದ ಮೊದಲ ಕಡತ ಅವಳದೇ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಎಡದ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿಸಿಕೊಂಡಳು. ಅರ್ಥವಾಗಲಿಲ್ಲವೆಂದು ತಲೆಯಾಡಿಸಿದಳು. ಬಲದ ಕುರ್ಚಿಗೆ ಹೋಗಿ, ಎಡದ ಕುರ್ಚಿಗೆ ನಮ್ಮ ಭಾಷೆಯಲ್ಲಿ ತಿಳಿಸಿದಳು. ಎಡಕ್ಕೆ ಬಂದು ಉತ್ತರ ಕೊಟ್ಟಳು. ಬಲಕ್ಕೆ ಹೋಗಿ ಅನುವಾದಿಸಿದಳು. ಉಳಿಯ ಮೊನೆ ಬಿಡಲಿಲ್ಲ. ಒಮ್ಮೆ ಅವಸರದಲ್ಲಿ ಎಡದ ಕುರ್ಚಿಯಿಂದಲೇ ಅನುವಾದ ಶುರುಮಾಡಿದಳು.

“ದುಭಾಷಿಯವರು ತಮ್ಮ ಜಾಗದಲ್ಲೇ ಕೂರಬೇಕು,” ಎಂದರು ಅಧಿಕಾರಿಣಿ.

“ಕ್ಷಮಿಸಿ,” ಎಂದು ಬಲಕ್ಕೆ ಹೋದಳು.

ಸರದಿಯಲ್ಲಿದ್ದವರು ಗಡಿಯಾರ ನೋಡಿಕೊಂಡರು, ಅಷ್ಟೆ. ಅಧಿಕಾರಿಣಿ ವರದಿ ಬರೆದರು: ‘ಅರ್ಜಿದಾರರಿಗೆ ಭಾಷೆ ಇನ್ನೂ ಬಾರದು. ಒಂದು ವರ್ಷ ವಿಸ್ತರಿಸಿದೆ. ದುಭಾಷಿ ಹಿಂದಿನವರಿಗಿಂತ ವಾಸಿ.’

ಹುಡುಗಿ ಎರಡು ಕಡೆ ರುಜು ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ವರದಿಯಲ್ಲಿ ತಪ್ಪೇನೂ ಇರಲಿಲ್ಲ.